ಪರನಾಡಿನ ಮೊದಲ ದಿನ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಕೋಶವನ್ನು ಓದುವುದು ಹೇಗೆಂದು ಕಲಿಸಲು ಶಾಲೆಗಳಿವೆ, ಗುರುಗಳಿದ್ದಾರೆ. ದೇಶವನ್ನು ಸುತ್ತುವುದು ಹೇಗೆಂದು ಕಲಿಸುವ ಶಾಲೆ ಮಾತ್ರ ನಮ್ಮಲ್ಲಿಲ್ಲ. ಕಾಲಿದ್ದವನು ಸುತ್ತಬಲ್ಲ, ಕಣ್ಣಿದ್ದವನು ನೋಡಬಲ್ಲ, ಅದಕ್ಕೆ ಬೇರೆ ಶಿಕ್ಷಣವೇಕೆ ಎಂದು ನಾವು ಭಾವಿಸಿದ್ದೇವೆ. ಆದರೆ ಅಕ್ಷರ ಬಲ್ಲವರೆಲ್ಲರೂ ಓದುಗರಾಗುವುದಿಲ್ಲ. ಹಾಗೆಯೇ ಊರೂರು ತಿರುಗಿದವರೆಲ್ಲರೂ ಊರನ್ನು ಕಂಡವರಾಗುವುದಿಲ್ಲ.

ಒಂದು ಕಾಲದಲ್ಲಿ ಪರದೇಶ ಪ್ರಯಾಣವೆಂದರೆ ವರ್ತಕರಿಗೆ, ವಿದ್ವಾಂಸರಿಗೆ, ಶ್ರೀಮಂತರಿಗೆ ಮಾತ್ರ ಮೀಸಲಾದುದಾಗಿತ್ತು. ಈಗ ಹಾಗಿಲ್ಲ. ಬೆಂಗಳೂರಿನಿಂದ ಹೊರಟ ವಿಮಾನ ಸುಮಾರು ನಾಲ್ಕು ಗಂಟೆಗಳಲ್ಲಿ ಥಾಯ್ಲೆಂಡಿನ ರಾಜಧಾನಿಯಾದ ಬ್ಯಾಂಕಾಕ್ ನಗರವನ್ನು ಮುಟ್ಟುತ್ತದೆ. ತಂದೆ, ತಾಯಿ, ಇಬ್ಬರು ಮಕ್ಕಳು, ಅವರೊಡನೆ ಒಬ್ಬ ಅಜ್ಜಿ, ಇಂಥ ಸಂಸಾರಗಳು ಬೇಸಗೆಯ ರಜೆಯಲ್ಲಿಯೋ ದಸರೆಯ ರಜೆಯಲ್ಲಿಯೋ ಆ ನಗರದಲ್ಲಿ ಇಳಿಯುವುದು ಇಂದು ಅಪರೂಪದ ಸಂಗತಿಯಲ್ಲ. ಅಂಥ ಒಂದು ಸಂಸಾರ ಅಲ್ಲಿ ತನ್ನ ಮೊದಲ ದಿನವನ್ನು ಹೇಗೆ ಕಳೆಯಬೇಕು ಎಂಬುದೇ ಇಲ್ಲಿಯ ವಿಚಾರ. ಮೊದಲ ದಿನಕ್ಕೆ ಇಷ್ಟು ಮಹತ್ತ್ವವೇಕೆ ಎಂದು ಕೇಳಬಹುದು. ಹೊಸ ಮನೆಗೆ ಬಂದ ನೆಂಟನ ಸ್ವಭಾವ ಅವನು ಹೊಸ್ತಿಲು ದಾಟುವ ರೀತಿಯಿಂದಲೇ ತಿಳಿಯುವಂತೆ, ಪ್ರವಾಸಿಯ ಮನೋಧರ್ಮ ಅವನ ಮೊದಲ ದಿನದ ನಡೆಯಿಂದಲೇ ಸ್ಥಿರವಾಗುತ್ತದೆ. ಮೊದಲ ದಿನ ಬಿದ್ದ ಹೆಜ್ಜೆಯ ಜಾಡಿನಲ್ಲಿಯೇ ಉಳಿದ ದಿನಗಳೂ ಸಾಗುತ್ತವೆ.

ಸಾಮಾನ್ಯವಾಗಿ ನಮ್ಮವರು ಪರನಾಡಿನಲ್ಲಿ ಎರಡು ಅಭ್ಯಾಸಗಳಿಗೆ ಒಳಗಾಗುವುದುಂಟು. ಮೊದಲನೆಯದು ಪಟ್ಟಿಯ ಅಭ್ಯಾಸ. ನೋಡಬೇಕಾದ ಹತ್ತು ಸ್ಥಳಗಳ ಪಟ್ಟಿಯೊಂದು ಮೊದಲೇ ಸಿದ್ಧವಾಗಿರುತ್ತದೆ. ಅರಮನೆ, ದೇವಾಲಯ, ಅಂಗಡಿಯ ಸಾಲು, ಎತ್ತರದ ಕಟ್ಟಡ, ಒಂದೊಂದರ ಮುಂದೆಯೂ ನಿಂತು ಚಿತ್ರ ತೆಗೆಸಿಕೊಂಡು, ಹೆಸರಿಗೆ ಗೆರೆ ಎಳೆದು ಮುಂದಕ್ಕೆ ಓಡುವುದು. ಎರಡನೆಯದು ಇನ್ನೂ ಸೂಕ್ಷ್ಮವಾದುದು. ಅದನ್ನು ಹಕ್ಕಿನ ಅಭ್ಯಾಸವೆಂದು ಕರೆಯಬಹುದು. ರಾಮನ ಹೆಸರು ಕಂಡೊಡನೆ, ಗರುಡನ ವಿಗ್ರಹ ಕಂಡೊಡನೆ, "ಇದೆಲ್ಲ ನಮ್ಮದೇ, ನಮ್ಮಿಂದಲೇ ಇಲ್ಲಿಗೆ ಬಂದದ್ದು" ಎಂದು ತೀರ್ಪು ಕೊಟ್ಟು ತೃಪ್ತರಾಗುವುದು. ಮೊದಲನೆಯ ಅಭ್ಯಾಸ ಕಣ್ಣನ್ನು ದಣಿಸುತ್ತದೆ. ಎರಡನೆಯದು ಕಣ್ಣನ್ನು ಮುಚ್ಚಿಸುತ್ತದೆ. ಇವೆರಡನ್ನೂ ಬಿಟ್ಟು, ಅತಿಥಿಯಾಗಿ ನಡೆದುಕೊಳ್ಳುವ ವಿದ್ಯೆಯನ್ನು ಕಲಿಯುವುದಕ್ಕೆ ಮೊದಲ ದಿನ ಮೀಸಲಾಗಬೇಕೆಂಬುದು ನನ್ನ ಅಭಿಪ್ರಾಯ.

ಬ್ಯಾಂಕಾಕ್ ನಗರ ಈ ಮಾತಿಗೆ ಒಳ್ಳೆಯ ನಿದರ್ಶನ. ಅದರ ಚರಿತ್ರೆ ಬಹಳ ಹಳೆಯದಲ್ಲ. 1767ರಲ್ಲಿ ಬರ್ಮೀಯರ ಸೈನ್ಯ ಅಯುತ್ಥಯ ಎಂಬ ರಾಜಧಾನಿಯನ್ನು ಹಾಳುಗೆಡವಿತು. ನಾಲ್ಕು ನೂರಕ್ಕೂ ಹೆಚ್ಚು ವರ್ಷ ವೈಭವದಿಂದ ಮೆರೆದಿದ್ದ ಆ ನಗರ ಅಯೋಧ್ಯೆಯ ಹೆಸರನ್ನು ಹೊತ್ತದ್ದು. ಅದು ನಾಶವಾದ ಮೇಲೆ ರಾಜಧಾನಿ ಕೆಲವು ಕಾಲ ಚಾವ್ ಫ್ರಾಯ ನದಿಯ ಪಶ್ಚಿಮ ದಂಡೆಯ ಥೋನ್‌ಬುರಿಯಲ್ಲಿತ್ತು. 1782ರಲ್ಲಿ ಮೊದಲನೆಯ ರಾಮ ಎಂದು ಪ್ರಸಿದ್ಧನಾದ ದೊರೆ ನದಿಯ ಪೂರ್ವ ದಂಡೆಯಲ್ಲಿ ಹೊಸ ರಾಜಧಾನಿಯನ್ನು ಕಟ್ಟಿದನು. ನಾವು ಬ್ಯಾಂಕಾಕ್ ಎನ್ನುವ ಈ ಊರನ್ನು ಅಲ್ಲಿಯ ಜನ ಕ್ರುಂಗ್ ಥೇಪ್ ಎಂದು ಕರೆಯುತ್ತಾರೆ. ಅದಕ್ಕೆ ದೇವತೆಗಳ ನಗರ ಎಂದು ಅರ್ಥ. ಪೂರ್ಣ ಹೆಸರಾದರೋ ಬಹು ಉದ್ದವಾದುದು. ಜಗತ್ತಿನ ಊರುಗಳ ಹೆಸರುಗಳಲ್ಲಿಯೇ ಅತ್ಯಂತ ದೀರ್ಘವಾದುದೆಂದು ಅದು ಹೆಸರಾಗಿದೆ. ಅಮರ, ರತ್ನ, ಮಹೇಂದ್ರ, ರಾಜಧಾನಿ, ವಿಮಾನ, ಅವತಾರ, ವಿಶ್ವಕರ್ಮ ಮೊದಲಾದ ಶಬ್ದಗಳು ರೂಪಾಂತರಗೊಂಡು ಅದರಲ್ಲಿ ಪೋಣಿಸಿಕೊಂಡಿವೆ. ಹೀಗಿದ್ದರೂ ಮೊಟ್ಟಮೊದಲ ಶಬ್ದವಾದ ಕ್ರುಂಗ್ ಎಂಬುದು ಸಂಸ್ಕೃತದ್ದಲ್ಲ. ನೆರೆಯ ಖ್ಮೇರ್ ಭಾಷೆಯ ಕಡೆಯಿಂದ ಬಂದದ್ದು. ಹೆಸರಿನ ಬಾಗಿಲಿನಲ್ಲಿಯೇ ನಗರ ನಮಗೊಂದು ಎಚ್ಚರಿಕೆಯನ್ನು ಹೇಳುವಂತಿದೆ. ಇಲ್ಲಿ ಪರಿಚಿತವಾದುದು ಬಹಳವಿದೆ, ಆದರೆ ಪರಿಚಿತವಾದುದು ಮಾತ್ರವೇ ಇಲ್ಲ.

ಇನ್ನು ದಿನದ ಕ್ರಮವನ್ನು ನೋಡೋಣ. ಮೊದಲ ದಿನದ ಬೆಳಗನ್ನು ಅರಮನೆಯಿಂದ ಆರಂಭಿಸುವುದಕ್ಕಿಂತ ಬೀದಿಯಿಂದ ಆರಂಭಿಸುವುದು ಮೇಲು. ಸೂರ್ಯೋದಯದ ಹೊತ್ತಿಗೆ ಕಾವಿ ಬಟ್ಟೆಯನ್ನುಟ್ಟ ಬೌದ್ಧ ಭಿಕ್ಷುಗಳು ಬರಿಗಾಲಿನಲ್ಲಿ, ಭಿಕ್ಷಾಪಾತ್ರೆಯನ್ನು ಹಿಡಿದು, ಮೌನವಾಗಿ ನಡೆದು ಬರುತ್ತಾರೆ. ಗೃಹಸ್ಥರು ಪಾದರಕ್ಷೆಗಳನ್ನು ಕಳಚಿ, ಮೊಣಕಾಲೂರಿ ಅನ್ನವನ್ನು ನೀಡುತ್ತಾರೆ. ಕೊಟ್ಟವರೇ ಕೈ ಮುಗಿಯುತ್ತಾರೆ. ಪಡೆದವರು ಕೃತಜ್ಞತೆಯನ್ನು ಹೇಳುವುದಿಲ್ಲ, ಆಶೀರ್ವಾದದ ವಚನವನ್ನು ಪಠಿಸುತ್ತಾರೆ. ಕೊಡುವ ಅವಕಾಶ ದೊರೆತದ್ದೇ ಕೊಟ್ಟವರ ಭಾಗ್ಯವೆಂಬ ಭಾವನೆ ಅಲ್ಲಿದೆ. ಬುದ್ಧನು ಹುಟ್ಟಿದ ಭರತಖಂಡದಿಂದ ಹೋದ ಮಕ್ಕಳು ಬುದ್ಧನ ವಿಷಯವನ್ನು ಪಾಠದಲ್ಲಿ ಓದಿರುತ್ತಾರೆ. ಆದರೆ ಅವನ ಭಿಕ್ಷುಸಂಘ ಒಂದು ಮಹಾನಗರದ ಬೀದಿಯಲ್ಲಿ, ಬಸ್ಸುಗಳ ನಡುವೆ, ನಿತ್ಯದ ಜೀವನದ ಅಂಗವಾಗಿರುವುದನ್ನು ನಮ್ಮ ಊರುಗಳಲ್ಲಿ ಅವರು ಕಾಣುವುದು ಅಪರೂಪ. ನಮ್ಮಲ್ಲಿ ಹುಟ್ಟಿ ನಮ್ಮ ಬೀದಿಗಳಿಂದ ಬಹುಮಟ್ಟಿಗೆ ಮರೆಯಾದ ಸಂಗತಿಯೊಂದು ಅಲ್ಲಿ ಉಳಿದು ಬೆಳೆದಿದೆ. ಇದನ್ನು ಕಂಡ ಮೇಲೆ "ನಮ್ಮದು" ಎಂಬ ಮಾತನ್ನು ಆಡುವುದು ಅಷ್ಟು ಸುಲಭವಲ್ಲ.

ಅಲ್ಲಿಂದ ಹೂವಿನ ಮಾರುಕಟ್ಟೆಗೆ ಹೋಗಬಹುದು. ನದಿಯ ಸಮೀಪದಲ್ಲಿ ಪಾಕ್ ಖ್ಲೊಂಗ್ ತಲಾತ್ ಎಂಬ ದೊಡ್ಡ ಪೇಟೆಯಿದೆ. ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯನ್ನು ಕಂಡ ಅಜ್ಜಿಗೆ ಅಲ್ಲಿಯ ಚೆಂಡುಹೂವಿನ ರಾಶಿಯಾಗಲಿ, ಮಲ್ಲಿಗೆಯ ಕಂಪಾಗಲಿ ಹೊಸದೆನಿಸುವುದಿಲ್ಲ. ಆದರೆ ಸ್ವಲ್ಪ ಹೊತ್ತು ನಿಂತು ನೋಡಿದರೆ ವ್ಯತ್ಯಾಸಗಳು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಕಮಲದ ಮೊಗ್ಗಿನ ದಳಗಳನ್ನು ಬೆರಳಿನಿಂದ ಒಳಕ್ಕೆ ಮಡಿಸಿ ಮಡಿಸಿ ಬೇರೊಂದು ಹೂವನ್ನೇ ಮಾಡುತ್ತಾರೆ. ಮಲ್ಲಿಗೆಯ ಮೊಗ್ಗುಗಳನ್ನು ಸೂಜಿಯಿಂದ ಒತ್ತೊತ್ತಾಗಿ ಪೋಣಿಸಿ ಕೈಗೆ ಹಿಡಿಯುವಷ್ಟು ಚಿಕ್ಕ ಮಾಲೆಗಳನ್ನು ಕಟ್ಟುತ್ತಾರೆ. ಆ ಮಾಲೆ ಬುದ್ಧನ ಮುಂದೆಯೂ ಇರುತ್ತದೆ, ಬಾಡಿಗೆಯ ಕಾರಿನ ಕನ್ನಡಿಗೂ ತೂಗುತ್ತದೆ, ದೋಣಿಯ ಮೂತಿಗೂ ಕಟ್ಟಿರುತ್ತದೆ. ಸ್ತ್ರೀಯರು ಅದನ್ನು ನಿತ್ಯವೂ ಮುಡಿಯುವ ರೂಢಿಯಿಲ್ಲ. ಅದೇ ಹೂವು, ಅದೇ ಭಕ್ತಿ. ಕೈಯ ರೀತಿ ಮಾತ್ರ ಬೇರೆ. ಹೂ ಕಟ್ಟುವುದನ್ನು ಬಲ್ಲ ಅಜ್ಜಿ ಆ ಹೂವಾಡಗಿತ್ತಿಯ ಪಕ್ಕದಲ್ಲಿ ಕಾಲು ಗಂಟೆ ಕುಳಿತರೆ, ಭಾಷೆಯ ನೆರವಿಲ್ಲದೆಯೇ ಇಬ್ಬರಿಗೂ ಒಂದು ಸ್ನೇಹ ಹುಟ್ಟಬಹುದು. ಯಾವ ಪ್ರೇಕ್ಷಣೀಯ ಸ್ಥಳದ ಪಟ್ಟಿಯಲ್ಲಿಯೂ ಆ ಕಾಲು ಗಂಟೆಗೆ ಸ್ಥಾನವಿರುವುದಿಲ್ಲ.

ಬೆಳಗಿನ ಎಂಟು ಗಂಟೆಗೆ ಮತ್ತು ಸಂಜೆ ಆರು ಗಂಟೆಗೆ ನಿಲ್ದಾಣ, ಉದ್ಯಾನ ಮೊದಲಾದ ಸಾರ್ವಜನಿಕ ಸ್ಥಳಗಳಲ್ಲಿ ಆ ದೇಶದ ರಾಷ್ಟ್ರಗೀತೆ ಕೇಳಿಬರುತ್ತದೆ. ಅವಸರದಿಂದ ನಡೆಯುತ್ತಿದ್ದ ಜನ ಇದ್ದಕ್ಕಿದ್ದಂತೆ ನಿಂತುಬಿಡುತ್ತಾರೆ. ಗೀತೆ ಮುಗಿದೊಡನೆ ಮತ್ತೆ ಹೊರಡುತ್ತಾರೆ. ಆಗ ನಮ್ಮ ಸಂಸಾರವೂ ನಿಲ್ಲಬೇಕು. ಮಕ್ಕಳಿಗೆ ಅದನ್ನು ಪಿಸುಮಾತಿನಲ್ಲಿ ಹೇಳಿದರೆ ಸಾಕು. ಪರರ ಗೌರವದ ಸಂಗತಿಗಳಿಗೆ ಗೌರವ ತೋರಿಸುವುದು ಅತಿಥಿಯ ಮೊದಲ ಪಾಠ. ಇಂಥ ಚಿಕ್ಕ ಪಾಠಗಳು ಅಲ್ಲಿ ಹಲವಿವೆ. ಯಾರ ತಲೆಯನ್ನೂ, ಮಗುವಿನ ತಲೆಯನ್ನು ಕೂಡ, ಮುಟ್ಟಬಾರದು. ಬುದ್ಧನ ವಿಗ್ರಹದ ಕಡೆಗಾಗಲಿ ಮನುಷ್ಯರ ಕಡೆಗಾಗಲಿ ಕಾಲನ್ನು ಚಾಚಿ ಕುಳಿತುಕೊಳ್ಳಬಾರದು. ಸ್ತ್ರೀಯರು ಭಿಕ್ಷುಗಳನ್ನು ಸ್ಪರ್ಶಿಸಬಾರದು. ದೇವಾಲಯಕ್ಕೆ ಹೋಗುವಾಗ ತೋಳು, ಮೊಣಕಾಲು ಮುಚ್ಚುವಂತೆ ಬಟ್ಟೆ ಧರಿಸಬೇಕು. ನಮ್ಮ ಮನೆಗಳಲ್ಲಿಯೂ ಕಾಲು ತಾಗಿದರೆ ಮುಟ್ಟಿ ನಮಸ್ಕರಿಸುವ ಪದ್ಧತಿಯಿರುವುದರಿಂದ ಇವುಗಳಲ್ಲಿ ಕೆಲವಾದರೂ ನಮಗೆ ಸುಲಭವಾಗಿ ಅರ್ಥವಾಗುತ್ತವೆ.

ನಗರವನ್ನು ತಿಳಿಯಲು ಚಾವ್ ಫ್ರಾಯ ನದಿಗಿಂತ ಒಳ್ಳೆಯ ದಾರಿಯಿಲ್ಲ. 1999ರಲ್ಲಿ ಎತ್ತರದ ಹಳಿಗಳ ಮೇಲೆ ಓಡುವ ರೈಲೂ 2004ರಲ್ಲಿ ಸುರಂಗದ ರೈಲೂ ಅಲ್ಲಿ ಆರಂಭವಾದವು. ರಸ್ತೆಗಳಲ್ಲಿಯಾದರೋ ವಾಹನಗಳ ದಟ್ಟಣೆ ಬಲು ಹೆಚ್ಚು. ಆದರೆ ನದಿಯಲ್ಲಿ ಊರಿನವರೇ ಓಡಾಡುವ ಸಾಧಾರಣ ದೋಣಿಗಳಿವೆ. ಪ್ರವಾಸಿಗಳಿಗೆಂದೇ ಅಲಂಕರಿಸಿದ ದೋಣಿಯನ್ನು ಬಿಟ್ಟು ಇವುಗಳಲ್ಲಿ ಕುಳಿತರೆ, ಶಾಲೆಗೆ ಹೋಗುವ ಹುಡುಗಿಯರು, ಕಚೇರಿಯ ನೌಕರರು, ತರಕಾರಿಯ ಬುಟ್ಟಿ ಹೊತ್ತವರು ನಮ್ಮ ಪಕ್ಕದಲ್ಲಿರುತ್ತಾರೆ. ಭಿಕ್ಷುಗಳಿಗೆಂದು ಒಂದು ಭಾಗ ಮೀಸಲಾಗಿರುತ್ತದೆ. ನಾಣ್ಯಗಳನ್ನು ಎಣಿಸಿ ಚೀಟಿಯನ್ನು ಕೊಳ್ಳುವ ಕೆಲಸವನ್ನು ಮಕ್ಕಳಿಗೇ ಬಿಡಬೇಕು. ಯಾವ ಘಟ್ಟದಲ್ಲಿ ಇಳಿಯಬೇಕೆಂಬುದನ್ನು ಅವರೇ ಕೇಳಿ ತಿಳಿಯಲಿ. ತಂದೆಯೇ ಎಲ್ಲವನ್ನೂ ಮಾಡಿಕೊಟ್ಟರೆ ಮಕ್ಕಳು ಊರನ್ನು ನೋಡುವುದಿಲ್ಲ, ತಂದೆಯ ಬೆನ್ನನ್ನು ನೋಡುತ್ತಾರೆ.

ದೋಣಿಯಿಂದ ನಗರದ ಇನ್ನೊಂದು ಮುಖವೂ ಕಾಣುತ್ತದೆ. ಒಂದೆಡೆ ಆಕಾಶವನ್ನು ಮುಟ್ಟುವ ಹೋಟೆಲುಗಳು, ಅವುಗಳಿಗೆ ಅನತಿದೂರದಲ್ಲಿಯೇ ಕಾಲುವೆಯ ಅಂಚಿಗೆ ಮರದ ಕಂಬಗಳ ಮೇಲೆ ನಿಂತ ಹಳೆಯ ಮನೆಗಳು. ಒಂದು ಕಾಲದಲ್ಲಿ ಬ್ಯಾಂಕಾಕ್ ಕಾಲುವೆಗಳ ನಗರವಾಗಿತ್ತು. ಯುರೋಪಿನವರು ಅದನ್ನು ಪೂರ್ವದ ವೆನಿಸ್ ಎಂದು ಕರೆದರು. ಮೋಟಾರು ಬಂದ ಮೇಲೆ ಅನೇಕ ಕಾಲುವೆಗಳನ್ನು ಮುಚ್ಚಿ ರಸ್ತೆಗಳನ್ನಾಗಿ ಮಾಡಲಾಯಿತು. ಸಮುದ್ರಮಟ್ಟಕ್ಕಿಂತ ಹೆಚ್ಚು ಎತ್ತರವಿಲ್ಲದ ಆ ನೆಲ, ಅಂತರ್ಜಲವನ್ನು ಮೇಲೆತ್ತಿದ್ದರಿಂದ ಕುಸಿಯುತ್ತಲೂ ಬಂದಿದೆ. 2011ರ ಮಹಾಪ್ರವಾಹದಲ್ಲಿ ನಗರದ ಹಲವು ಭಾಗಗಳು ವಾರಗಟ್ಟಲೆ ನೀರಿನಲ್ಲಿದ್ದವು. ಇದನ್ನು ಕೇಳಿದ ಕನ್ನಡಿಗರು ತಲೆಯಾಡಿಸಿ ಪರರನ್ನು ಟೀಕಿಸುವಂತಿಲ್ಲ. ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎಂಬುದನ್ನು ಮಕ್ಕಳಿಗೆ ಹೇಳುವುದಕ್ಕೆ ಆ ದೋಣಿಯೇ ತಕ್ಕ ಸ್ಥಳ. ಪರಊರಿನ ಕಷ್ಟದಲ್ಲಿ ನಮ್ಮ ಊರಿನ ಕಷ್ಟವನ್ನು ಗುರುತಿಸುವುದೂ ಪ್ರವಾಸದ ಫಲಗಳಲ್ಲಿ ಒಂದು.

ಮೊದಲ ದಿನಕ್ಕೆ ಒಂದೋ ಎರಡೋ ದೇವಾಲಯಗಳು ಸಾಕು. ವಾಟ್ ಫೋ ಎಂಬಲ್ಲಿ 46 ಮೀಟರ್ ಉದ್ದದ, 15 ಮೀಟರ್ ಎತ್ತರದ, ಮಲಗಿದ ಬುದ್ಧನ ಮೂರ್ತಿಯಿದೆ. ಅದರ ಅಂಗಾಲುಗಳಲ್ಲಿ ಮುತ್ತಿನ ಚಿಪ್ಪಿನಿಂದ ಕೂಡಿಸಿದ 108 ಮಂಗಳ ಚಿಹ್ನೆಗಳಿವೆ. ಗೋಡೆಯ ಉದ್ದಕ್ಕೂ ಇರಿಸಿದ 108 ಪಾತ್ರೆಗಳಲ್ಲಿ ಭಕ್ತರು ಒಂದೊಂದಾಗಿ ನಾಣ್ಯ ಹಾಕುತ್ತ ಹೋಗುವಾಗ ಏಳುವ ನಾದವನ್ನು ಮಕ್ಕಳು ಮರೆಯಲಾರರು. ಆದರೆ ಅದೇ ಆವರಣದ ಕಲ್ಲುಹಲಗೆಗಳನ್ನು ಬಹುಮಂದಿ ನೋಡದೆಯೇ ಹೋಗುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮೂರನೆಯ ರಾಮನು ವೈದ್ಯ, ಅಂಗಮರ್ದನ, ಸಾಹಿತ್ಯ ಮೊದಲಾದ ವಿದ್ಯೆಗಳನ್ನು ಕಲ್ಲಿನಲ್ಲಿ ಕೆತ್ತಿಸಿ, ಓದಬಲ್ಲ ಎಲ್ಲರಿಗೂ ದೊರೆಯುವಂತೆ ಅಲ್ಲಿ ನಿಲ್ಲಿಸಿದನು. ದೇವಾಲಯವೊಂದು ಪಾಠಶಾಲೆಯಾದ ಬಗೆ ಇದು. ಆ ಅಂಗಮರ್ದನ ಪರಂಪರೆ ತನ್ನ ಮೂಲಪುರುಷನೆಂದು ನೆನೆಯುವುದು ಬುದ್ಧನ ಕಾಲದ ವೈದ್ಯನಾದ ಜೀವಕನನ್ನು. ನೆನಪು ಭಾರತದ ಕಡೆಗೆ ತಿರುಗಿದ್ದರೂ ವಿದ್ಯೆಯನ್ನು ಕೈಯಲ್ಲಿ ಉಳಿಸಿಕೊಂಡು ಬೆಳೆಸಿದವರು ಥಾಯ್ ಜನರು.

ನದಿಯ ಆಚೆಯ ದಂಡೆಯಲ್ಲಿ ವಾಟ್ ಅರುಣ್ ಕಾಣುತ್ತದೆ. ಹೆಸರು ಸೂರ್ಯಸಾರಥಿಯಾದ ಅರುಣನದು. ಗೋಪುರದ ಆಕಾರ ಖ್ಮೇರ್ ಶಿಲ್ಪಿಗಳಿಂದ ಬಂದದ್ದು. ಅದರ ಮೈತುಂಬ ಹೊಳೆಯುವ ಪಿಂಗಾಣಿಯ ಚೂರುಗಳು ಚೀನಾದ ಹಡಗುಗಳಲ್ಲಿ ತೂಕಕ್ಕೆಂದು ತುಂಬಿ ತಂದವು. ಒಳಗೆ ಆರಾಧನೆಗೊಳ್ಳುವವನು ಬುದ್ಧ. ಈ ಗೋಪುರ ಯಾರದು? ಭಾರತದ್ದೆ, ಕಾಂಬೋಡಿಯದ್ದೆ, ಚೀನಾದ್ದೆ? ಮೂವರೂ ಹಕ್ಕು ಸಾಧಿಸಬಹುದು. ಆದರೆ ಈ ಮೂರನ್ನೂ ಹೀಗೆ ಒಂದುಗೂಡಿಸಿ ನದಿಯ ದಂಡೆಯಲ್ಲಿ ನಿಲ್ಲಿಸಿದ ಬುದ್ಧಿ ಥಾಯ್ ಜನರದು. ಪಡೆದದ್ದನ್ನು ತನ್ನದಾಗಿ ಮಾಡಿಕೊಳ್ಳುವ ಶಕ್ತಿಯೇ ಒಂದು ಜನಾಂಗದ ಸಂಸ್ಕೃತಿಯ ಲಕ್ಷಣ.

ರಾಮಾಯಣದ ವಿಷಯದಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ಅರಮನೆಯ ಆವರಣದಲ್ಲಿರುವ ಪಚ್ಚೆಯ ಬುದ್ಧನ ದೇವಾಲಯದ ಸುತ್ತಲಿನ ಮೊಗಸಾಲೆಯಲ್ಲಿ, ರಾಮಕಿಯೆನ್ ಎಂಬ ಥಾಯ್ ರಾಮಾಯಣದ ಕಥೆಯನ್ನು 178 ಭಿತ್ತಿಚಿತ್ರಗಳಲ್ಲಿ ಚಿತ್ರಿಸಿದ್ದಾರೆ. ಅಜ್ಜಿ ಅದನ್ನು ನೋಡಿ ಮೊದಲು ಸಂತೋಷಪಡುತ್ತಾರೆ, ಆಮೇಲೆ ಬೆಚ್ಚಿಬೀಳುತ್ತಾರೆ. ಅಲ್ಲಿ ರಾವಣನ ಹೆಸರು ತೊಸಕಾನ್, ಎಂದರೆ ದಶಕಂಠ. ಸೀತೆ ಆ ರಾವಣನ ಮಗಳೇ. ನಮ್ಮ ಹನುಮಂತ ಬ್ರಹ್ಮಚಾರಿ. ಅಲ್ಲಿಯ ಹನುಮಂತ ಸುವನ್ನಮಚ್ಚಾ ಎಂಬ ಮತ್ಸ್ಯಕನ್ಯೆಯನ್ನು ಒಲಿಸಿಕೊಂಡು ಮಗನನ್ನು ಪಡೆದವನು. "ಇವರು ನಮ್ಮ ರಾಮಾಯಣವನ್ನು ಕೆಡಿಸಿದ್ದಾರೆ" ಎಂಬ ಮಾತು ಆಗ ನಾಲಗೆಯ ತುದಿಗೆ ಬರುವುದು ಸಹಜ.

ಆ ಮಾತನ್ನು ಆಡುವ ಮೊದಲು ಕನ್ನಡಿಗರಾದ ನಾವು ನಮ್ಮ ಕಪಾಟನ್ನೇ ಒಮ್ಮೆ ತೆರೆದು ನೋಡಬೇಕು. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ; ರಾಮನಲ್ಲ. ಕನ್ನಡದ ಜನಪದರು ಹಾಡಿಕೊಂಡು ಬಂದ ಒಂದು ಕಥೆಯಲ್ಲಿ ಸೀತೆ ರಾವಣನ ಸೀನಿನಿಂದ ಹುಟ್ಟಿದವಳು. ಸೀತದ್ದರಿಂದ ಬಂದವಳು ಸೀತೆಯೆಂಬ ಶಬ್ದಚಮತ್ಕಾರ ಕನ್ನಡದಲ್ಲಿ ಮಾತ್ರ ಸಾಧ್ಯ. ಹೀಗೆ ಸೀತೆಯನ್ನು ರಾವಣನ ಮಗಳೆಂದು ಭಾವಿಸಿದವರು ನಮ್ಮ ಹಳ್ಳಿಗಳಲ್ಲಿಯೂ ಇದ್ದರು. ತೊರವೆಯ ಕವಿಗೆ ಒಂದು ರಾಮಾಯಣ, ಕುವೆಂಪು ಅವರಿಗೆ ಮತ್ತೊಂದು ರಾಮಾಯಣ. ಕನ್ನಡದ ಒಳಗೇ ಇಷ್ಟು ರಾಮರಿಗೆ ಎಡೆಯಿರುವಾಗ, ಕಡಲಿನಾಚೆಯ ಜನ ತಮ್ಮ ರಾಮನನ್ನು ತಮ್ಮ ಮನೋಧರ್ಮಕ್ಕೆ ತಕ್ಕಂತೆ ರೂಪಿಸಿಕೊಂಡರೆ ಅದರಲ್ಲಿ ಕೆಡುಕೇನಿದೆ? ಆ ಕಥೆಯನ್ನು ಮುಖವಾಡ ಧರಿಸಿ ಆಡುವ ಅವರ ಖೋನ್ ಎಂಬ ನೃತ್ಯನಾಟಕವನ್ನು ಯುನೆಸ್ಕೊ ಸಂಸ್ಥೆ 2018ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಯಕ್ಷಗಾನವನ್ನು ಕಂಡ ಕಣ್ಣು ಖೋನನ್ನು ನೋಡುವಾಗ ಹಕ್ಕಿನ ಲೆಕ್ಕವನ್ನು ಬಿಟ್ಟು ರಸದ ಲೆಕ್ಕವನ್ನು ಹಿಡಿಯಬೇಕು.

ಮಕ್ಕಳಿಗೆ ಬೀದಿಯ ಫಲಕಗಳೇ ಒಂದು ಆಟವಾಗಬಲ್ಲವು. ಥಾಯ್ ಲಿಪಿಯೂ ನಮ್ಮ ಲಿಪಿಯಂತೆ ಬ್ರಾಹ್ಮಿಯ ಸಂತತಿಗೆ ಸೇರಿದ್ದು. ಅದರ 44 ವ್ಯಂಜನಾಕ್ಷರಗಳು ನಮ್ಮ ವರ್ಣಮಾಲೆಯಂತೆಯೇ ಕವರ್ಗದಿಂದ ಮೊದಲಾಗಿ ಸಾಗುತ್ತವೆ. ಅಲ್ಲಿಯ ಮಗು ಪ್ರತಿಯೊಂದು ಅಕ್ಷರಕ್ಕೂ ಒಂದು ವಸ್ತುವಿನ ಹೆಸರನ್ನು ಸೇರಿಸಿ ಕಲಿಯುತ್ತದೆ. ಮೊದಲನೆಯ ಅಕ್ಷರಕ್ಕೆ ಕೋಳಿ, ಎರಡನೆಯದಕ್ಕೆ ಮೊಟ್ಟೆ. ಭಾನುವಾರಕ್ಕೆ ಆದಿತ್ಯನ ಹೆಸರು, ಸೋಮವಾರಕ್ಕೆ ಚಂದ್ರನ ಹೆಸರು. ದೂರವಾಣಿಗೆ ಅವರು ದೂರ ಮತ್ತು ಶಬ್ದ ಎಂಬೆರಡನ್ನು ಸೇರಿಸಿ ಪದ ಕಟ್ಟಿಕೊಂಡಿದ್ದಾರೆ; ನಾವು ಕಟ್ಟಿದ್ದು ಬೇರೆ ರೀತಿ. ಭೇಟಿಯಾದಾಗ ಹೇಳುವ ಸವತ್‌ದೀ ಎಂಬ ಮಾತು ಸ್ವಸ್ತಿ ಎಂಬುದರಿಂದ ಬಂದದ್ದು. ಆದರೆ ಅದು ಪ್ರಾಚೀನ ಕಾಲದಿಂದ ಹಾಗೆಯೇ ಹರಿದುಬಂದ ರೂಢಿಯಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಅಲ್ಲಿಯ ವಿದ್ವಾಂಸರೊಬ್ಬರು ರೂಪಿಸಿದ ಆ ವಂದನೆಯನ್ನು ಸರ್ಕಾರ 1943ರಲ್ಲಿ ಅಧಿಕೃತವಾಗಿ ಬಳಕೆಗೆ ತಂದಿತು. ಅದಕ್ಕಿಂತ ಹಳೆಯದೂ ಹೃದಯಕ್ಕೆ ಹತ್ತಿರವಾದುದೂ ಆದ ಇನ್ನೊಂದು ಮಾತು ಅವರಲ್ಲಿದೆ: "ಅನ್ನ ಉಂಡಿರಾ, ಇನ್ನೂ ಇಲ್ಲವೆ?" ಇದರಲ್ಲಿ ಸಂಸ್ಕೃತದ ಗಂಧವಿಲ್ಲ. ಆದರೂ "ಊಟವಾಯಿತೆ?" ಎಂದು ಕೇಳುವ ಕನ್ನಡಿಗನಿಗೆ ಇದಕ್ಕಿಂತ ಆಪ್ತವಾದ ಮಾತು ಬೇರೊಂದಿರಲಾರದು. ನಿಜವಾದ ನಂಟು ರಾಜರ ಬಿರುದುಗಳಲ್ಲಿ ಮಾತ್ರವಲ್ಲದೆ ಅನ್ನದ ಬಟ್ಟಲಿನಲ್ಲಿಯೂ ಇರುತ್ತದೆ.

ಊಟದ ಮಾತಿಗೆ ಬಂದೆವು. ಮೊದಲ ದಿನ ಮಧ್ಯಾಹ್ನವೇ ಇಡ್ಲಿ ಸಾಂಬಾರನ್ನು ಅರಸುತ್ತ ಭಾರತೀಯರ ಅಂಗಡಿಗಳಿರುವ ಫಾಹುರತ್ ಪೇಟೆಗೆ ಓಡುವವರುಂಟು. ಅದು ತಪ್ಪಲ್ಲ, ಆ ಪೇಟೆಯೂ, ಅಲ್ಲಿಯ ಸಿಖ್ಖರ ಗುರುದ್ವಾರವೂ ನಗರದ ಚರಿತ್ರೆಯ ಭಾಗವೇ. ಆದರೆ ಒಂದು ಹೊತ್ತಾದರೂ ಊರಿನ ಅನ್ನವನ್ನು ಉಣ್ಣಬೇಕು. ಅಲ್ಲಿಯ ಅಡುಗೆಯಲ್ಲಿ ಮೀನಿನ ರಸದ ಬಳಕೆ ಹೆಚ್ಚಾದುದರಿಂದ ಸಸ್ಯಾಹಾರಿಗಳಿಗೆ ತೊಡಕಿದೆ. ಅದಕ್ಕೂ ದಾರಿಯಿದೆ. ಹಳದಿಯ ಪತಾಕೆಯ ಮೇಲೆ ಕೆಂಪು ಬಣ್ಣದಲ್ಲಿ, ನಮ್ಮ ಕಣ್ಣಿಗೆ 17ರಂತೆ ಕಾಣುವ ಗುರುತಿರುವ ಅಂಗಡಿಗಳಲ್ಲಿ ಮಾಂಸವನ್ನಾಗಲಿ ಮೀನನ್ನಾಗಲಿ ಬಳಸುವುದಿಲ್ಲ. ಆ ಗುರುತನ್ನು ಹುಡುಕುವ ಕೆಲಸ ಮಕ್ಕಳಿಗಿರಲಿ. ತೆಂಗಿನ ಹಾಲು, ಹುಣಿಸೆ, ಬೆಲ್ಲ, ಮೆಣಸಿನಕಾಯಿ, ಇವೆಲ್ಲ ನಮ್ಮ ಕರಾವಳಿಯ ಅಡುಗೆಮನೆಯವೇ ಅಲ್ಲವೆ ಎನಿಸುತ್ತದೆ. ಅಲ್ಲಿಯೂ ಒಂದು ಪಾಠವಿದೆ. ಖಾರವಿಲ್ಲದ ಥಾಯ್ ಊಟವನ್ನಾಗಲಿ ಕನ್ನಡದ ಊಟವನ್ನಾಗಲಿ ನಾವು ಊಹಿಸಲಾರೆವು. ಆದರೆ ಮೆಣಸಿನಕಾಯಿ ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅವರ ದೂತನು ಅಯುತ್ಥಯವನ್ನು ಸೇರಿದ್ದು 1511ರಲ್ಲಿ. ಅವರ ವ್ಯಾಪಾರದ ದಾರಿಯಲ್ಲಿ ಬಂದ ಕಾಯಿಯನ್ನು ಎರಡು ನಾಡುಗಳೂ ತಮ್ಮದೇ ಎಂಬಂತೆ ಅಪ್ಪಿಕೊಂಡವು. ಯಾರಾದರೂ ಬಂದು ನಮ್ಮ ಸಾರನ್ನು "ಇದು ನಮ್ಮದು" ಎಂದರೆ ನಮಗೆ ನಗು ಬರುತ್ತದೆ. ರಾಮಕಿಯೆನ್ ಮುಂದೆ ನಿಂತು ನಾವು ಆಡುವ ಮಾತೂ ಥಾಯ್ ಜನರಿಗೆ ಹಾಗೆಯೇ ಕೇಳಿಸಬಹುದು.

ಇಷ್ಟಕ್ಕೆ ಮಧ್ಯಾಹ್ನವಾಗಿರುತ್ತದೆ. ಬ್ಯಾಂಕಾಕ್ ಮತ್ತು ಬೆಂಗಳೂರು ಭೂಪಟದಲ್ಲಿ ಹೆಚ್ಚುಕಡಮೆ ಒಂದೇ ಅಕ್ಷಾಂಶದ ಆಸುಪಾಸಿನಲ್ಲಿವೆ. ಆದರೆ ಬೆಂಗಳೂರು ಎತ್ತರದ ಪ್ರಸ್ಥಭೂಮಿಯಲ್ಲಿದೆ, ಬ್ಯಾಂಕಾಕ್ ಸಮುದ್ರಕ್ಕೆ ಸಮೀಪದ ತಗ್ಗಿನಲ್ಲಿದೆ. ಅಲ್ಲಿಯ ಸೆಕೆ ಮಂಗಳೂರಿನ ಸೆಕೆಯನ್ನು ನೆನಪಿಗೆ ತರುತ್ತದೆ. ಆದುದರಿಂದ ಅಜ್ಜಿಗೂ ಮಕ್ಕಳಿಗೂ ಎರಡು ಮೂರು ಗಂಟೆಗಳ ವಿಶ್ರಾಂತಿ ಅವಶ್ಯ. ಸಂಸಾರದೊಡನೆ ಹೋದವರು ಅತ್ಯಂತ ನಿಧಾನವಾಗಿ ನಡೆಯುವವರ ಹೆಜ್ಜೆಗೆ ತಮ್ಮ ಹೆಜ್ಜೆಯನ್ನು ಹೊಂದಿಸಬೇಕು. ಸಂಜೆ ತಂಪಾದ ಮೇಲೆ ಚೀನೀಯರ ಪೇಟೆಯಾದ ಯಾವರಾತ್‌ನಲ್ಲಿ ಒಂದು ಸುತ್ತು ಅಥವಾ ಸೀಲೋಮ್ ರಸ್ತೆಯ ಮಾರಿಯಮ್ಮನ ಗುಡಿಯಲ್ಲಿ ದರ್ಶನ, ಎರಡರಲ್ಲಿ ಒಂದು ಸಾಕು. 1879ರಲ್ಲಿ ತಮಿಳರು ಕಟ್ಟಿಸಿದ ಆ ಗುಡಿಯಲ್ಲಿ ಆರತಿಗೆ ಕೈ ಮುಗಿದು ನಿಂತವರಲ್ಲಿ ಥಾಯ್ ಮತ್ತು ಚೀನೀ ಮೂಲದವರು ಎಷ್ಟೋ ಮಂದಿ. ದೇವರಿಗೆ ಹಕ್ಕಿನ ಪತ್ರ ಬರೆದುಕೊಟ್ಟವರಿಲ್ಲವೆಂಬುದು ಅಲ್ಲಿ ಅಜ್ಜಿಗೆ ತಾನಾಗಿಯೇ ತಿಳಿಯುತ್ತದೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ರಜೆಯಿರುವುದು ನಾಲ್ಕೇ ದಿನ, ಖರ್ಚಾಗಿರುವುದು ವರ್ಷದ ಉಳಿತಾಯ. ಹೀಗೆ ಹೂ ಕಟ್ಟುವುದನ್ನು ನೋಡುತ್ತ ಕುಳಿತರೆ ಉಳಿದದ್ದನ್ನು ನೋಡುವುದು ಯಾವಾಗ ಎಂಬುದು ಮೊದಲನೆಯದು. ಈ ಚಿಂತೆಯಲ್ಲಿ ನ್ಯಾಯವಿದೆ. ಮಧ್ಯಮ ವರ್ಗದ ಸಂಸಾರಕ್ಕೆ ಒಂದೊಂದು ದಿನವೂ ಬೆಲೆಯುಳ್ಳದ್ದು. ಆದರೆ ನಾಲ್ಕು ದಿನಗಳಲ್ಲಿ ಒಂದನ್ನು ಊರಿನ ರೀತಿನೀತಿಗಳ ಪರಿಚಯಕ್ಕೆ ಕೊಟ್ಟವರಿಗೆ ಉಳಿದ ಮೂರು ದಿನಗಳ ನೋಟ ಆಳವಾಗುತ್ತದೆ. ದೋಣಿಯ ದಾರಿ, ನಾಣ್ಯದ ಬೆಲೆ, ಊಟದ ಗುರುತು, ಮಾತಿನ ಮರ್ಯಾದೆ, ಇವು ತಿಳಿದವರು ಆಮೇಲೆ ಮೋಸಹೋಗುವುದೂ ಕಡಿಮೆ, ಸಿಡುಕುವುದೂ ಕಡಿಮೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ನಮ್ಮ ಪೂರ್ವಿಕರ ಭಾಷೆ, ಧರ್ಮ, ಕಥೆಗಳು ಅಷ್ಟು ದೂರ ಹೋಗಿ ಬೇರೂರಿರುವುದನ್ನು ಕಂಡು ಅಭಿಮಾನಪಡುವುದು ತಪ್ಪೆ? ಖಂಡಿತವಾಗಿಯೂ ತಪ್ಪಲ್ಲ. ಅಭಿಮಾನವಿಲ್ಲದ ಮನುಷ್ಯ ಬೇರಿಲ್ಲದ ಮರದಂತೆ. ಆದರೆ ಅಭಿಮಾನ ನೋಟದ ಆರಂಭವಾಗಬೇಕೇ ಹೊರತು ಮುಕ್ತಾಯವಾಗಬಾರದು. "ಇದು ನಮ್ಮದು" ಎಂದವನಿಗೆ ಮುಂದೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ. "ಇದು ನಮ್ಮದರಂತಿದೆ, ಆದರೆ ಹೀಗೇಕೆ ಬದಲಾಯಿತು?" ಎಂದವನಿಗೆ ಒಂದು ನಾಡಿನ ಚರಿತ್ರೆಯೇ ತೆರೆದುಕೊಳ್ಳುತ್ತದೆ. ಹಂಪಿಗೆ ಬರುವ ಪರದೇಶಿಯೊಬ್ಬನು ಕಮಲಮಹಲಿನ ಕಮಾನುಗಳನ್ನು ತೋರಿಸಿ, "ಇದು ಪರ್ಷಿಯದ್ದು" ಎಂದಷ್ಟೇ ಹೇಳಿ ಮುಂದೆ ಹೋದರೆ ನಮಗೆ ಹೇಗೆನಿಸುತ್ತದೆ? ಆ ಕಮಾನಿಗೆ ನಮ್ಮ ಶಿಲ್ಪಿಗಳು ಕೊಟ್ಟ ರೂಪವನ್ನು ಅವನು ನೋಡಲಿಲ್ಲವಲ್ಲ ಎಂದು ನೋವಾಗುವುದಿಲ್ಲವೆ? ಅದೇ ನ್ಯಾಯವನ್ನು ನಾವು ಪರರಿಗೂ ಸಲ್ಲಿಸಬೇಕು.

ಅತಿಥಿಯನ್ನು ದೇವರೆಂದು ಭಾವಿಸಿ ಸತ್ಕರಿಸಬೇಕೆಂದು ನಮ್ಮ ಮಕ್ಕಳಿಗೆ ಎಳವೆಯಿಂದಲೂ ಹೇಳಿಕೊಡುತ್ತೇವೆ. ಅತಿಥಿಯಾಗಿ ಹೋದಾಗ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಹೇಳಿಕೊಡುವುದು ಮಾತ್ರ ಕಡಿಮೆ. ಮನೆಯವರು ಕೊಟ್ಟ ನೀರನ್ನು ಕುಡಿಯುವುದು, ತೋರಿಸಿದ ಕಡೆ ಕುಳಿತುಕೊಳ್ಳುವುದು, ಮೆಲುದನಿಯಲ್ಲಿ ಮಾತಾಡುವುದು, ಮನೆಯ ವಸ್ತುಗಳ ಬೆಲೆ ಕಟ್ಟದಿರುವುದು, ಇವನ್ನು ನಮ್ಮ ಹಿರಿಯರು ನೆಂಟರ ಮನೆಗೆ ಹೊರಡುವ ಮುನ್ನ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದರು. ಆ ಬುದ್ಧಿವಾದಕ್ಕೆ ಪರದೇಶದ ಮಹಾನಗರವೂ ಹೊರತಲ್ಲ. ಮಕ್ಕಳು ಇದನ್ನು ಉಪದೇಶದಿಂದ ಕಲಿಯುವುದಿಲ್ಲ. ದೋಣಿಯ ನೌಕರನೊಡನೆ ತಂದೆ ಮಾತನಾಡುವ ದನಿಯಿಂದ, ಹೂವಾಡಗಿತ್ತಿಯ ಮುಂದೆ ಅಜ್ಜಿ ಕುಳಿತ ಬಗೆಯಿಂದ, ರುಚಿಸದ ತಿನಿಸನ್ನು ತಾಯಿ ನಗುತ್ತ ಬದಿಗಿಟ್ಟ ಸೌಜನ್ಯದಿಂದ ಕಲಿಯುತ್ತಾರೆ. ಕೊಂಡುತಂದ ಬಟ್ಟೆ ಹರಿಯುತ್ತದೆ, ತೆಗೆದ ಚಿತ್ರಗಳು ಮರೆತುಹೋಗುತ್ತವೆ. ಪರರ ಹೊಸ್ತಿಲಲ್ಲಿ ವಿನಯದಿಂದ ನಿಲ್ಲುವುದನ್ನು ಮೊದಲ ದಿನವೇ ಕಲಿತ ಮಗು ಅದನ್ನು ಜೀವನದುದ್ದಕ್ಕೂ ಎಲ್ಲ ಊರುಗಳಿಗೂ ಕೊಂಡೊಯ್ಯುತ್ತದೆ.